ಅವ್ವನ ಸ್ಲೈಡು

ನೇರಳೆ, ಮತ್ತೆ ನೇರಳೆ, ಅಂಚಿನಲ್ಲಿ ಒಂದಿಷ್ಟು ಗುಲಾಬಿ, ಎಣ್ಣೆ ಹನಿ ಜಾಸ್ತಿಯಾಯಿತೇನೋ, ಮಸೂರ ಮಂಜಾಗಿದೆ, ಮೈಕ್ರೋಸ್ಕೋಪಿನ ತಿರುಪು ಒಂಚೂರು ಹಿಂದಕ್ಕೆ — ಹಾಂ, ನಿಂತಿತು, ಈಗ ಸ್ಪಷ್ಟ, ದುಂಡಗೆ, ದೊಡ್ಡದು, ಮೈತುಂಬ ನೀಲಿ, ನಡುವೆ ಎರಡು ತೂತಿನಂಥ ಚುಕ್ಕೆ, ಇದೇ, ಬೆಳಿಗ್ಗೆ ಒಂಬತ್ತೂವರೆಗೆ ನನ್ನನ್ನು ಕುರ್ಚಿಯಿಂದ ಎಬ್ಬಿಸಿ ಓಡಿಸಿದ್ದು ಇದೇ, ಇಂಥವು ನೂರರಲ್ಲಿ ಇಪ್ಪತ್ನಾಲ್ಕು, ಎಣಿಕೆ ಯಂತ್ರದಲ್ಲಿ ಬ್ಲಾಸ್ಟ್ ಎಂಬ ಕೀಲಿಯ ಮೇಲೆ ನನ್ನ ಬೆರಳೇ ಇಪ್ಪತ್ನಾಲ್ಕು ಸಲ ಟಕ್ ಟಕ್ ಅಂದಿದ್ದು, ಬ್ಲಾಸ್ಟ್ ಅಂದರೆ ಬಲಿಯದ ಕಣ, ಮೂಳೆಯ ಮಜ್ಜೆಯಲ್ಲಿ ನಾಲ್ಕಾರು ಇದ್ದರೆ ಇರಲಿ, ಇಪ್ಪತ್ತು ದಾಟಿದರೆ ರಕ್ತದ ಕ್ಯಾನ್ಸರ್ ಎಂಬುದು ಈ ಲ್ಯಾಬಿನಲ್ಲಿ ಕಸ ಗುಡಿಸುವ ಬಂಡೆಮ್ಮನಿಗೂ ಗೊತ್ತು, ಗಾಜಿನ ತುದಿಯಲ್ಲಿ ಪೆನ್ಸಿಲಿನಿಂದ ನಾನೇ ಬರೆದ ಹೆಸರು, ಬೂದೆಮ್ಮ, ಐವತ್ತೆಂಟು, ಮಸರಕಲ್, ಅವ್ವ ಎಂದು ಬರೆಯಲಿಲ್ಲ, ಅದಕ್ಕೆ ಜಾಗವೂ ಇರಲಿಲ್ಲ. ಮನೆಯವರ ಸ್ಲೈಡು ಮನೆಯವರು ನೋಡಬಾರದು ದುರ್ಗಾ, ಕಣ್ಣು ಸುಳ್ಳ ಹೇಳ್ತದ, ಎಂದು ಯಾಸ್ಮೀನ್ ಮೇಡಂ ನಿನ್ನೆಯೇ ಹೇಳಿ ಹೋಗಿದ್ದರು, ಅವ್ವನ ಸೊಂಟದ ಮೂಳೆಗೆ ಸೂಜಿ ಚುಚ್ಚಿ ಮಜ್ಜೆ ತೆಗೆದವರು ಅವರೇ, ನೋಡಿ ಬರೆಯಬೇಕಾದ ಡಾಕ್ಟರೂ ಅವರೇ, ಅವರು ಬರುವುದು ಹನ್ನೆರಡಕ್ಕೆ, ಈಗ ಹನ್ನೊಂದು, ಹೊರಗೆ ಬೆಂಚಿನ ಮೇಲೆ ಅವ್ವ ಒಂದು ಮಗ್ಗುಲಿಗೆ ವಾಲಿ ಕೂತಿದ್ದಾಳೆ, ನಾನು ಒಳಗೆ ಕೂತು ಅವಳ ಮೂಳೆಯೊಳಗೆ ಇಣುಕುತ್ತಿದ್ದೇನೆ, ಎರಡನೇ ಸಲ.

ಒಂದೇ ಸಲ ನೋಡಿ ಸುಮ್ಮನೆ ಕೂತಿದ್ದರೆ ಆಗುತ್ತಿತ್ತು, ಆತುರಗಾರನಿಗೆ ಬುದ್ಧಿ ಮಟ್ಟ ಅಂತಾರೆ, ಆತುರಗಾರ್ತಿಗೆ ಅದೂ ಇಲ್ಲ, ಇಪ್ಪತ್ನಾಲ್ಕು ಎಣಿಸಿದವಳೇ ಮೆಟ್ಟಿಲ ಹತ್ತಿರ ಓಡಿ ತಮ್ಮನಿಗೆ ಫೋನು ಹಚ್ಚಿದೆ, ಗುರುಸಿದ್ದ ಮಾನ್ವಿ ಸಂತೆಯಲ್ಲಿ ಎರಡು ಟಗರು ಮಾರಲು ನಿಂತಿದ್ದ, ಜಲ್ದಿ ಹೇಳಕ್ಕಾ ಗಿರಾಕಿ ನಿಂತಾನ ಅಂದ, ಅವ್ವನ ರಕ್ತದಾಗ ದೊಡ್ಡ ಬ್ಯಾನಿ ಅದಲೇ, ಬಾ, ಅಂದೆ, ಅಷ್ಟೇ ಅಂದದ್ದು, ಆಮೇಲೆ ಆ ಕಡೆಯಿಂದ ಕುರಿಗಳ ಕೂಗು, ಯಾರೋ ತೆಲುಗಿನಲ್ಲಿ ಬೆಲೆ ಕೇಳುವುದು, ಅದರ ನಡುವೆ ನನ್ನ ತಮ್ಮ, ಮೂವತ್ತೆರಡು ವರ್ಷದ ಗಂಡಸು, ಸಂತೆಯ ಮಧ್ಯೆ ಹೋ ಎಂದು ಅಳುವುದು ಕೇಳಿಸಿತು. ಅವನು ಅತ್ತಿದ್ದು ಸಾಲದೆಂದು ಬಳಗಕ್ಕೆಲ್ಲ ಸಾರಿದ್ದಾನೆ, ದೇವದುರ್ಗದಿಂದ ಸೋದರಮಾವ ಜಂಬಣ್ಣ ಫೋನು ಮಾಡಿ ನನ್ನ ರಕ್ತಾ ತಗೋರಿ, ಎಷ್ಟ ಬೇಕಾದ್ರೂ ತಗೋರಿ ಅಂದ, ಸೂಜಿ ಕಂಡರೆ ಹಿತ್ತಲ ಬಾಗಿಲಿನಿಂದ ಓಡುವ ಮಾವ, ಆ ಮಾತಿಗೇ ನನಗೂ ಅಳು ಬಂತು, ಮೂಗು ಒರೆಸಿಕೊಂಡು ಒಳಗೆ ಬಂದೆ, ಈಗ ಗುರುಸಿದ್ದನ ಬಸ್ಸು ಕಲ್ಲೂರು ದಾಟಿರಬೇಕು, ಅವನು ಬಂದರೆ ಅವ್ವನ ಮುಂದೆಯೇ ಬಾಯಿ ತೆರೆಯುತ್ತಾನೆ. ಅವ್ವನಿಗೆ ಇನ್ನೂ ಏನೂ ಗೊತ್ತಿಲ್ಲ.

ನೋಡು, ಮತ್ತೆ ನೋಡು, ಅಳುವುದು ಇದ್ದೇ ಇದೆ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಮೇಡಂ ನನ್ನ ಹೆಗಲ ಮೇಲೆ ಕೈಯಿಟ್ಟು ಅಂದಿದ್ದರು, ಒಂದ ಮಾರಿ ನೋಡಿ ಕಳ್ಳ ಅನಬ್ಯಾಡ ದುರ್ಗಾ, ಅವನ ಓಣಿ ನೋಡು, ಎಡಕ್ಕ ಯಾರದಾರ, ಬಲಕ್ಕ ಯಾರದಾರ ನೋಡು, ಆಮ್ಯಾಲ ಹೆಸರಿಡು — ಬೆಳಿಗ್ಗೆ ಓಣಿ ಎಲ್ಲಿ ನೋಡಿದೆ, ಮುಖ ಕಂಡ ಕೂಡಲೇ ಕಳ್ಳ ಕಳ್ಳ ಎಂದು ಕೂಗಿದೆ, ಕೂಗದೆ ಏನು ಮಾಡಲಿ, ಮಟಮಾರಿಯ ರಾಧಾ ಇನ್ನೂ ಕಣ್ಣಲ್ಲೇ ಇದ್ದಾಳೆ, ಒಂಬತ್ತು ವರ್ಷದ ಹುಡುಗಿ, ಎರಡು ಜಡೆ, ಅವಳ ಸ್ಲೈಡಿನ ಓಣಿ ತುಂಬ ಒಂದೇ ಮುಖ, ಒಂದೇ ಅಚ್ಚಿನಲ್ಲಿ ಒತ್ತಿದ ಹಾಗೆ ನೀಲಿ ದುಂಡಗಿನವು, ಅವು ಬಿಟ್ಟು ಬೇರೆ ಯಾರಿಗೂ ಅಲ್ಲಿ ಕಾಲಿಡಲು ಜಾಗವಿರಲಿಲ್ಲ, ಹೈದರಾಬಾದಿಗೆ ಹೋದವಳು ತಿರುಗಿ ಬರಲಿಲ್ಲ, ಅಂದಿನಿಂದ ನೀಲಿ ಕಂಡರೆ ನನಗೆ ಹಗ್ಗವೂ ಹಾವೇ. ಆದರೆ ಇಲ್ಲಿ — ಸ್ಲೈಡನ್ನು ಎಡಕ್ಕೆ ಸರಿಸು, ಮೆಲ್ಲಗೆ — ಇಲ್ಲಿ ಒಂದೇ ಅಚ್ಚು ಅಲ್ಲವಲ್ಲ, ಇಲ್ಲಿ ಸಣ್ಣವು, ನಡುವಯಸ್ಸಿನವು, ಬಲಿತವು, ಎಲ್ಲ ಇವೆ, ತುಂಬಿದ ಓಣಿ, ಮತ್ತೆ ಎಲ್ಲವೂ ಇರಬೇಕಾದ ಅಳತೆಗಿಂತ ದೊಡ್ಡವು, ಬಿಳಿ ಕಣದ ಮಕ್ಕಳು ಕೂಡ ಕುದುರೆ ಲಾಳದ ಹಾಗೆ ಬಾಗಿ ದೈತ್ಯರಾಗಿ ಕೂತಿವೆ, ಮತ್ತೆ ನಾನು ಬ್ಲಾಸ್ಟ್ ಎಂದು ಟಕ್ ಅನಿಸಿದ ಇದರ ಮಗ್ಗುಲಲ್ಲಿ ಇದರದೇ ಜಾತಿಯ ಇನ್ನೊಂದು, ಮೈ ಆಗಲೇ ಗುಲಾಬಿಗೆ ತಿರುಗಿದೆ, ಅಂದರೆ ಕೆಂಪು ಕಣವಾಗಲು ಹೊರಟದ್ದು, ಒಳಗಿನ ನ್ಯೂಕ್ಲಿಯಸ್ ಮಾತ್ರ ಇನ್ನೂ ಜರಡಿ ಜರಡಿ, ಮೈ ಬಲಿತಿದೆ, ಒಳಗು ಬಲಿತಿಲ್ಲ, ಮೀಸೆ ಬಂದವನು ತೊಟ್ಟಿಲಲ್ಲಿ ಮಲಗಿದ ಹಾಗೆ, ಇದು ಕಳ್ಳನಲ್ಲ, ಇದು ಬೆಳೆಯಲಾರದೆ ನಿಂತ ಮನೆಮಗ. ಇನ್ನೂ ಖುಷಿ ಪಡಬೇಡ ದುರ್ಗಾ, ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಯಬೇಡ, ಕಣ್ಣು ಸುಳ್ಳು ಹೇಳುತ್ತದೆ, ಬೆಳಿಗ್ಗೆ ಭಯದಿಂದ ಹೇಳಿತು, ಈಗ ಆಸೆಯಿಂದ ಹೇಳುತ್ತಿರಬಹುದು.

ರಕ್ತದ ಸ್ಲೈಡು, ಮಜ್ಜೆಯದಲ್ಲ, ಕೈಯಿಂದ ತೆಗೆದ ರಕ್ತದ್ದು, ಅದು ಎಲ್ಲಿ, ಟ್ರೇಯಲ್ಲಿ ಮೂರನೆಯದು, ಎಣ್ಣೆ ಒಂದು ಹನಿ, ಈ ಸಲ ಸರಿಯಾಗಿ, ಕೆಂಪು ಕಣಗಳು ದುಂಡಗಿಲ್ಲ, ಕೋಳಿಮೊಟ್ಟೆಯ ಹಾಗೆ ಉದ್ದಕ್ಕೆ, ದೊಡ್ಡವು, ಹಾಂ, ಮತ್ತೆ ಬಿಳಿ ಕಣ ಒಂದಾದರೂ ಸಿಗಲಿ, ಅವ್ವನ ರಕ್ತದಲ್ಲಿ ಬಿಳಿ ಕಣಗಳೇ ಕಡಿಮೆ, ಹಿಮೋಗ್ಲೋಬಿನ್ ಐದಕ್ಕೂ ಕೆಳಗೆ, ಎಲ್ಲ ಕಡಿಮೆ, ಸರಿಸು, ಸರಿಸು, ಖಾಲಿ, ಖಾಲಿ, ಇಗೋ, ನ್ಯೂಟ್ರೋಫಿಲ್, ಇದರ ನ್ಯೂಕ್ಲಿಯಸ್ಸಿಗೆ ಎಸಳಿನಂಥ ಮೂರು ಹಾಲೆ ಇರಬೇಕು, ಬಹಳವೆಂದರೆ ನಾಲ್ಕು, ಎಣಿಸು — ಒಂದು, ಎರಡು, ಮೂರು, ನಾಲ್ಕು, ಐದು, ಆರು, ಇನ್ನೊಮ್ಮೆ, ಆರು, ಪಕ್ಕದ್ದು ಐದು, ಮುಂದಿನದು ಮತ್ತೆ ಆರು, ಯಪ್ಪಾ ದೇವರೇ, ಇದು ಕ್ಯಾನ್ಸರಿನ ಮುಖವಲ್ಲ, ಇದು ಹಸಿದ ಮುಖ, ಬಿ ಹನ್ನೆರಡು ಎಂಬ ಜೀವಸತ್ವ ಸಿಗದ ರಕ್ತದ ಮುಖ, ಪರೀಕ್ಷೆಗೆ ಓದುವಾಗ ಗೋಡೆಗೆ ಅಂಟಿಸಿಕೊಂಡಿದ್ದ ಚಿತ್ರ ಇದೇ. ನಾಲಿಗಿ ಉರೀತದ, ಖಾರ ತಿನ್ನಾಕಾಗವಲ್ದು ಅಂತಿದ್ದಳು ಅವ್ವ, ಹೋದ ವರ್ಷದಿಂದ, ಕಾಲಾಗ ಇರುವಿ ಹರದಂಗ ಆಗ್ತದ ಅಂತಿದ್ದಳು, ನಾನು ಚಪ್ಪಲಿ ಬದಲಾಯಿಸು ಅಂದೆ, ದೇವದುರ್ಗದಲ್ಲಿ ಯಾರೋ ಕಬ್ಬಿಣದ ಗುಳಿಗೆ ಕೊಟ್ಟರು, ನುಂಗಿದಳು, ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದರಂತೆ, ಎಲ್ಲ ಕಣ್ಣೆದುರೇ ಇತ್ತು, ನಾನು ಮೂಳೆ ತೂತು ಮಾಡಿಸಿ ಹುಡುಕಿದೆ. ಆದರೆ ತಾಳು, ತಾಳು, ಬಿ ಹನ್ನೆರಡು ಸಿಗುವುದು ಹಾಲು ಮೊಸರಿನಲ್ಲಿ, ಮಾಂಸದಲ್ಲಿ, ತತ್ತಿಯಲ್ಲಿ, ನಮ್ಮದು ಕುರಿ ಕಾಯುವ ಮನೆ, ಎಂಬತ್ತು ಕುರಿ, ನಾಲ್ಕು ಎಮ್ಮೆ, ಅವುಗಳ ಕೆಚ್ಚಲಿಗೆ ಎರಡು ಹೊತ್ತು ಕೈ ಹಾಕುವವಳು ಅವ್ವ, ಬೆಣ್ಣೆ ತೆಗೆಯುವವಳು ಅವ್ವ, ನಿನ್ನೆ ಮೇಡಂ ಕೇಳಿದರಲ್ಲ, ಹಾಲು ಹೈನಾ ಉಣ್ತೀಯೇನಮ್ಮಾ, ಎಮ್ಮಿ ನಾಕ ಅದಾವ್ರೀ ಮೇಡಂ, ಹೈನಕ್ಕೇನ್ ಕಡಿಮಿ, ಅಂದಳು, ಮೇಡಂ ನಕ್ಕು ಬರೆದುಕೊಂಡರು, ಅಂಥ ಮನೆಯ ಹೆಂಗಸಿಗೆ ಈ ಕೊರತೆ ಹೇಗೆ ಬರುತ್ತದೆ, ಬರುವುದಿಲ್ಲ, ಬರಲು ದಾರಿಯೇ ಇಲ್ಲ, ಹಾಗಾದರೆ ಇದು ಬೇರೆ ಏನೋ, ಇದೇ ವೇಷ ಹಾಕುವ ಕೆಟ್ಟ ರೋಗಗಳೂ ಉಂಟು, ಮೇಡಂ ತೋರಿಸಿದ್ದಾರೆ, ಹಾಗಾದರೆ ಬೆಳಿಗ್ಗಿನ ಇಪ್ಪತ್ನಾಲ್ಕೇ ನಿಜ.

ಫೋನು, ಗುಡುಗುಡು ಅಂತ ಟೇಬಲ್ಲಿನ ಮೇಲೆ ನಡುಗುತ್ತಿದೆ, ಉಮಾದೇವಿ, ತಮ್ಮನ ಹೆಂಡತಿ, ಮಸರಕಲ್ಲಿನಲ್ಲಿ ಅವ್ವನ ಜೊತೆ ಇರುವವಳು ಅವಳೇ, ಅಕ್ಕಾ ಇವ್ರು ಫೋನ್ ಮಾಡಿದ್ರು, ಅತ್ತ್ಯಾರಿಗಿ ಏನಾಗ್ಯಾದ್ರೀ, ಖರೇ ಹೇಳ್ರಿ, ಅಂತ ಬಿಕ್ಕುತ್ತಿದ್ದಾಳೆ, ಇನ್ನೂ ಗೊತ್ತಿಲ್ಲ ಉಮಾ, ಅಳಬ್ಯಾಡ, ಒಂದ ಮಾತು ಹೇಳು, ಅವ್ವ ಮನ್ಯಾಗ ಹಾಲು ಮೊಸರು ಉಣ್ತಾಳಿಲ್ಲೋ — ಬಿಕ್ಕು ನಿಂತಿತು, ಅತ್ತಿ ಹೇಳಬ್ಯಾಡ ಅಂದಾರ್ರೀ, ಆಣಿ ಹಾಕ್ಯಾರ, ಅಂದಳು, ಉಮಾ, ಹೇಳವ್ವಾ, ಆಣಿ ನನ್ನ ಮ್ಯಾಲಿರಲಿ, ಅಂದೆ, ಅತ್ತಿ ಹೈನಾ ಮುಟ್ಟಿ ಆರ ವರ್ಷ ಆತ್ರೀ ಅಕ್ಕಾ, ಹಾಲಿಲ್ಲ, ಮಜ್ಜಿಗಿ ಇಲ್ಲ, ಖಂಡ ತತ್ತಿ ಒಂದೂ ಇಲ್ಲ, ಬರೇ ರೊಟ್ಟಿ, ಪುಂಡಿಪಲ್ಯ, ಖಾರ, ನೀವು ರಾಯಚೂರಿಗೆ ಕೆಲಸಕ್ಕ ಸೇರಿದ್ರಲ್ಲ, ಅವತ್ತ ಮನಿ ದೇವ್ರ ಮುಂದ ಹರಕಿ ಹೊತ್ತಾರ, ನನ ಮಗಳ ನೌಕ್ರಿ ಖಾಯಂ ಆಗೋತನ ಬಾಯಿಗೆ ಹೈನಾ, ಖಂಡ, ತತ್ತಿ ಹಚ್ಚಂಗಿಲ್ಲ ಅಂತ. ಖಾಯಂ. ಹನ್ನೊಂದು ತಿಂಗಳಿಗೊಮ್ಮೆ ನನ್ನನ್ನು ಒಂದು ದಿನ ಕೆಲಸದಿಂದ ತೆಗೆದು ಮರುದಿನ ಮತ್ತೆ ಸೇರಿಸಿಕೊಳ್ಳುತ್ತಾರೆ, ಗುತ್ತಿಗೆ ಅಂದರೆ ಹಾಗೆ, ಖಾಯಂ ಯಾವಾಗಬೇ ಅಂತ ಊರಿಗೆ ಹೋದಾಗೆಲ್ಲ ಅವ್ವ ಕೇಳುವಳು, ಮುಂದಿನ ವರ್ಷ ಅಂತ ನಾನು ನಗುತ್ತ ಅಂದುಬಿಡುವೆ, ಅನ್ನಲು ನನ್ನ ಗಂಟೇನು ಹೋಯಿತು, ಅವಳು ಇನ್ನೊಂದು ವರ್ಷ ಒಣ ರೊಟ್ಟಿ ಮುರಿದಳು, ಈಗ ಕಾಣುತ್ತಿದೆ, ಕಣ್ಣಿಗೆ ಕಟ್ಟಿದ ಹಾಗೆ ಕಾಣುತ್ತಿದೆ, ಉಮಾ ಮಜ್ಜಿಗೆ ಚರಿಗೆ ಬಗ್ಗಿಸುತ್ತಾಳೆ, ಅವ್ವ ತನ್ನ ಬಟ್ಟಲ ಮೇಲೆ ಅಂಗೈ ಅಡ್ಡ ಹಿಡಿಯುತ್ತಾಳೆ, ಸಾಕ್ ಸಾಕು, ಹೊಟ್ಟಿ ತುಂಬ್ಯಾದ, ಎಷ್ಟು ಸಲ ನೋಡಿಲ್ಲ, ಬಳಗದ ಮದುವೆಯಲ್ಲಿ, ಹಬ್ಬದಲ್ಲಿ, ನಾನೇ ತುಪ್ಪ ಬಡಿಸಲು ಹೋದಾಗ, ಆ ಅಂಗೈ, ಕುರಿಗಳ ಹಿಂದೆ ಕೋಲು ಹಿಡಿದು ಹಿಡಿದು ಗೆರೆಯೆಲ್ಲ ಕಪ್ಪಾದ ಅಂಗೈ. ಅದನ್ನು ನೋಡಿಯೂ ನೋಡದವಳು ನಾನು, ದಿನಕ್ಕೆ ಅರವತ್ತು ಸ್ಲೈಡು ನೋಡುವವಳು.

ಮೇಡಂ ಬಂದರು, ಚಪ್ಪಲಿಯ ಸದ್ದು, ಬುರ್ಖಾ ತೆಗೆದು ಗೋಡೆಯ ಮೊಳೆಗೆ ಸಿಕ್ಕಿಸಿದರು, ಬಿಳಿ ಕೋಟು, ಏನೂ ಕೇಳದೆ ಕುರ್ಚಿಯಿಂದ ನನ್ನನ್ನು ಎಬ್ಬಿಸಿದರು, ಕೂತರು, ಕಣ್ಣಿಟ್ಟರು, ನಾನು ಅವರ ಬೆನ್ನ ಹಿಂದೆ ನಿಂತು ಅವರ ಬೆರಳು ನೋಡುತ್ತಿದ್ದೇನೆ, ಸ್ಲೈಡು ಸರಿಯುತ್ತಿದೆ, ನಿಲ್ಲುತ್ತಿದೆ, ಎಲ್ಲಿ ನಿಂತಿತು, ಯಾವುದರ ಮೇಲೆ ನಿಂತಿತು, ಮಾತಾಡಬಾರದೇ ಈ ಹೆಂಗಸು, ಫ್ಯಾನಿನ ಕಟಕಟ, ಹೊರಗೆ ಆಟೋದವನ ಹಾರ್ನು, ಬಂಡೆಮ್ಮ ಬಕೆಟ್ ಇಟ್ಟು ಬಾಗಿಲಲ್ಲಿ ನಿಂತಿದ್ದಾಳೆ, ಅವಳಿಗೂ ಗೊತ್ತು, ಎಲ್ಲರಿಗೂ ಗೊತ್ತು, ಕೊನೆಗೆ ಕಣ್ಣು ತೆಗೆಯದೆಯೇ ಅಂದರು, ಇಪ್ಪತ್ನಾಕ ಬ್ಲಾಸ್ಟ್ ಅಂತ ಈ ಚೀಟ್ಯಾಗ ಬರದದಲ್ಲ, ಯಾರ ಎಣಿಸಿದ್ದು, ನಾನ್ರೀ ಮೇಡಂ, ಅಂದೆ, ಇದು ಟೆಕ್ನಿಷಿಯನ್ ಎಣಿಸಿದ್ದಲ್ಲ ಬಿಡು, ಮಗಳು ಎಣಿಸಿದ್ದು, ಅಂದು ಆ ಚೀಟಿ ಹರಿದು ಬುಟ್ಟಿಗೆ ಹಾಕಿದರು, ನಾನು ಹರಕೆಯ ಮಾತು ಹೇಳಿದೆ, ಒಂದೇ ಉಸಿರಿಗೆ, ಮೇಡಂ ಈಗ ತಿರುಗಿ ನೋಡಿದರು, ಅರೇ, ಅಂದರು, ನಾಕ ಎಮ್ಮಿ ಅದಾವ ಅಂದ್ಲಲ್ಲ ನಿಮ್ಮವ್ವ, ಕುಡೀತೀನಿ ಅನ್ನಲಿಲ್ಲ ನೋಡು, ನಾನs ಪೂರ್ತಿ ಕೇಳಲಿಲ್ಲ, ಅಂದು ತಲೆ ಚಚ್ಚಿಕೊಂಡು ನಕ್ಕರು, ರಕ್ತದಾಗ ಬಿ ಹನ್ನೆರಡು ಎಷ್ಟದ ಅಂತ ಟೆಸ್ಟಿಗೆ ಕಳಸು, ಆದ್ರ ಅದರ ದಾರಿ ಕಾಯೂದು ಬ್ಯಾಡ, ಸೂಜಿ ಈಗs ಶುರು ಮಾಡೂನು, ಎಂಟ ಹತ್ತ ದಿನಕ್ಕ ಎದ್ದ ಓಡ್ಯಾಡ್ತಾಳ, ಫಿಕರ್ ನಕ್ಕೋ, ಚಿಂತಿ ಬ್ಯಾಡ, ಕ್ಯಾನ್ಸರಿಲ್ಲ ದುರ್ಗಾ, ಇಲ್ಲ. ಇಲ್ಲ. ಇಷ್ಟು ಚೆಂದದ ಮಾತು ಕನ್ನಡದಲ್ಲಿ ಇದೆ ಎಂದು ನನಗೆ ಈವರೆಗೆ ಗೊತ್ತಿರಲಿಲ್ಲ, ಇಲ್ಲ, ಹೋದ ಜೀವ ಬಂತು, ಬಂಡೆಮ್ಮನನ್ನು ತಬ್ಬಿಕೊಂಡೆನಂತೆ, ಬಕೆಟ್ಟಿನ ನೀರೆಲ್ಲ ಚೆಲ್ಲಿತಂತೆ, ಆಮೇಲೆ ಅವಳೇ ಹೇಳಿದಳು. ಮೇಡಂ ಬರೆದರು, ಟೈಪಾಯಿತು, ಸಹಿಯಾಯಿತು, ಹಾಳೆ ಬಿಸಿ ಬಿಸಿಯಾಗಿ ನನ್ನ ಕೈಗೆ ಬಂತು. ಹೈನಾ ಇವತ್ತಿಂದs ಚಾಲೂ ಮಾಡಸು, ಅಂದರು ಮೇಡಂ, ಸೂಜಿ ಜನ್ಮಪೂರ್ತಿ ಚುಚ್ಚಾಕಾಗಂಗಿಲ್ಲ.

ಬೆಂಚು, ಅವ್ವ, ತೋಳಿಗೆ ಹತ್ತಿ ಒತ್ತಿ ಹಿಡಿದಿದ್ದಾಳೆ, ಸೂಜಿ ಆಗಿದೆ, ಗುರುಸಿದ್ದ ಬಂದಿದ್ದಾನೆ, ಟಗರು ಎರಡನ್ನೂ ಯಾರ ಹತ್ತಿರವೋ ಬಿಟ್ಟು ಓಡಿ ಬಂದಿದ್ದಾನೆ, ಹಣೆ ತುಂಬ ದೇವರ ಅರಿಸಿನ ಭಂಡಾರ, ಅವನು ಬಾಯಿ ಬಿಡುವ ಮೊದಲೇ, ಇಲ್ಲಲೇ, ಅದಲ್ಲಂತ, ಅಂದೆ ಕಿವಿಯಲ್ಲಿ, ಅವನು ಅಲ್ಲೇ ನೆಲಕ್ಕೆ ಕುಕ್ಕರಿಸಿ ಕೂತು ನಕ್ಕ, ಅತ್ತ, ಆಮೇಲೆ ನಿನ ಬಾಯಿಗಿ ಬೀಗ ಹಾಕ್ಬೇಕು ನೋಡಕ್ಕಾ ಅಂತ ಬೈದ, ಬೈಯಲಿ, ಎಷ್ಟಾದರೂ ಬೈಯಲಿ, ನಾನು ಕ್ಯಾಂಟೀನಿಗೆ ಓಡಿ ಹಾಲು ತಂದೆ, ಸ್ಟೀಲಿನ ಲೋಟ, ಮೇಲೆ ಕೆನೆ ಕಟ್ಟಿದೆ, ತಗೋಬೇ, ಅಂದೆ, ಲೋಟ ಅವಳ ಮಡಿಲಿಗೆ ಇಟ್ಟೆ, ಅಂಗೈ ಬಂತು, ಬಂದು ಲೋಟದ ಬಾಯಿ ಮುಚ್ಚಿತು, ಸಾಕವ್ವಾ, ಹೊಟ್ಟಿ ತುಂಬ್ಯಾದ, ಬೆಳಿಗ್ಗೆಯಿಂದ ಒಂದು ಗುಟುಕು ನೀರು ಬಿಟ್ಟರೆ ಏನೂ ಕಾಣದ ಹೊಟ್ಟೆ, ಉಮಾ ಎಲ್ಲಾ ಹೇಳ್ಯಾಳಬೇ, ಅಂದೆ, ಆ ಹುಡಿಗಿ ಬಾಯಾಗ ಎಳ್ಳ ನೆನ್ಯಂಗಿಲ್ಲ, ಅಂದಳು, ಮುಖ ಆ ಕಡೆ ತಿರುಗಿಸಿದಳು, ಹರಕಿ ಹರಕೀನ ದುರ್ಗವ್ವಾ, ಮಾತ ಕೊಟ್ಟೀನಿ, ನಡುವ ಮುರದ್ರ ನಿನಗ ಹತ್ತತದ, ಅಂದಳು, ನನಗೆ ಹತ್ತುತ್ತದಂತೆ, ಅದಕ್ಕೆ ಇವಳು ಒಣಗಿದ್ದಾಳೆ. ಬೈಯಬೇಕು ಅನ್ನಿಸಿತು, ಕಾಲು ಹಿಡಿಯಬೇಕು ಅನ್ನಿಸಿತು, ಬಾಯಿಗೆ ಬಂದದ್ದು ಬೇರೆಯೇ, ಖಾಯಂ ಆತಬೇ, ಅಂದೆ, ಯಾವಾಗ, ಇವತ್ತ, ಈಗ, ಗುರುಸಿದ್ದ ಬಾಯಿ ತೆರೆದ, ಅವನ ಕಾಲು ತುಳಿದೆ, ಕಾಗದಾ ಎಲ್ಲದ, ಅಂದಳು ಅವ್ವ, ಈ ಆರು ವರ್ಷದ ಕೆಲಸದಲ್ಲಿ, ಕಾಣದ ಒಂದೇ ಒಂದು ಕಣವನ್ನೂ ಕಂಡೆ ಎಂದು ಬರೆದವಳಲ್ಲ ನಾನು, ಕೈಯಲ್ಲಿದ್ದ ಹಾಳೆ ಬಿಚ್ಚಿದೆ, ಅವಳದೇ ಮಜ್ಜೆಯ ವರದಿ, ಕೆಳಗೆ ಮೇಡಂ ಸಹಿ, ದುಂಡು ಮುದ್ರೆ, ಅದರ ಎಡಕ್ಕೆ ಸ್ಲೈಡು ಮಾಡಿದವರು ಎಂಬಲ್ಲಿ ನನ್ನ ಹೆಸರು, ಇದ ನೋಡಬೇ, ಇದು ನಾನು, ಅಂದೆ, ಅವಳು ಓದು ಬಾರದವಳು, ಹೆಸರಿನ ಮೇಲೆ ಹೆಬ್ಬೆರಳು ಆಡಿಸಿದಳು, ಇದು ನೀನಾ, ಹೂಂಬೇ, ನಾನs, ಆಮೇಲೆ ಹಾಳೆ ಬಿಟ್ಟು ನನ್ನ ಮುಖ ನೋಡಿದಳು, ಎಂಬತ್ತು ಕುರಿಗಳನ್ನು ಮುಖ ನೋಡಿಯೇ ಯಾವುದು ಯಾವುದರ ಮರಿ ಎಂದು ಹೇಳುವವಳು, ನೋಡಿದಳು, ನೋಡುತ್ತಲೇ ಇದ್ದಾಳೆ, ಸುಳ್ಳಿದ್ರ ಪಾಪ ನಿನ್ನ ತಲಿಮ್ಯಾಗ, ಅಂದಳು, ಇರ್ಲಿಬೇ, ಅಂದೆ, ನನ್ನ ತಲಿಮ್ಯಾಗs ಇರ್ಲಿ, ಲೋಟದ ಮೇಲೆ ಅಂಗೈ, ಬೆರಳ ಸಂದಿಯಿಂದ ಹಬೆ, ಕಿರುಬೆರಳು ಎದ್ದಿತು, ಅಂಗೈ, ಇನ್ನೊಂದು ಬೆರಳು, ಹಬೆಗೆ ತೊಯ್ದ ಅಂಗೈ, ಕಪ್ಪು ಗೆರೆಗಳಲ್ಲಿ ನೀರು, ಮೇಲಕ್ಕೆ, ಲೋಟದಿಂದ ಒಂದು ಗೇಣು ಮೇಲೆ, ಅಂಗೈ —